ಸಿರಿಯ ಸೋದರಮಾವ

ರಾಧಾಮಣಿ ಹೋಗಿದ್ದೇ ಜಗಳಕ್ಕೆ. ವಿರೂಪಾಕ್ಷಿಪುರದಾಚೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವನ ಎದುರು ನಿಂತು ಒಂದೇ ಉಸಿರಿನಲ್ಲಿ ಕೇಳಿದಳು.

"ಸಿರಿಗಿನ್ನೂ ಹದಿನಾರು. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್. ಅವಳ ಓದು ಬಿಡಿಸಿ ಮದುವೆ ಆಗೋಕೆ ನಿಮಗೆ ನಾಚಿಕೆ ಆಗಲ್ವಾ?"

ಮಹೇಂದ್ರ ಸೊಪ್ಪಿನ ಹೊರೆ ಕೆಳಗಿಟ್ಟ.

"ನಾಚ್ಕೆ ಇರ್ಲಿ ಮೇಡಂ, ನಂಗೆ ಮದ್ವೆ ಅನ್ನೋದೇ ಈಗ ಗೊತ್ತಾಗ್ತಾ ಐತೆ. ಯಾವಾಗಂತೆ?"

ಅವಳ ಮುಖ ಕೆಂಪಾಯಿತು. ಅವನು ನಗು ತಡೆದುಕೊಂಡು, "ಆ ಮಗೀನ ಹೆಗಲ ಮೇಲೆ ಹೊತ್ಕೊಂಡು ಬೆಳ್ಸಿದೋನು ನಾನು. ನಮ್ಮಕ್ಕಂಗೆ ತಲೆ ಕೆಟ್ಟೈತೆ. ಬನ್ನಿ, ಟೀ ಕುಡ್ದು ಬಯ್ಯೀರಂತೆ" ಎಂದ.

ಶಾಲೆ ಬಿಟ್ಟ ಹುಡುಗಿಯರನ್ನು ಮತ್ತೆ ಓದಿಗೆ ಹಚ್ಚುವುದು ರಾಧಾಮಣಿಯ ಕೆಲಸ. ಸಂಸ್ಥೆಯವರಿಗೆ ಅವಳು ಮೆಂಟರ್, ಹುಡುಗಿಯರಿಗೆ ಅಕ್ಕ. ಸಂಜೆಯಾದರೆ ಮಾತ್ರ ಯಾರಿಗೂ ಏನೂ ಅಲ್ಲ. ಚನ್ನಪಟ್ಟಣದ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಅಡುಗೆ ಮಾಡಿ, ಪಕ್ಕದ ಮನೆಯ ಟಿವಿ ಸದ್ದು ಕೇಳುತ್ತಾ ಊಟ ಮಾಡುತ್ತಿದ್ದಳು.

ಸಿರಿಯ ತಾಯಿ ನಾಗಲಕ್ಷ್ಮಮ್ಮ ಕೆಟ್ಟವಳಲ್ಲ. ಗಂಡ ತೀರಿಕೊಂಡಿದ್ದ. ಕಾಲೇಜು ದೂರ; ಜೊತೆಗೇ ಇದ್ದ ತಮ್ಮನಿಗೇ ಕೊಟ್ಟರೆ ಮಗಳು ಕಣ್ಣೆದುರೇ ಇರುತ್ತಾಳೆ ಎಂಬ ಆಸೆ ಅವಳದು. ಕೊನೆಗೆ, ತಾನೇ ದಿನಾ ಬೈಕಿನಲ್ಲಿ ಕಾಲೇಜಿಗೆ ಬಿಟ್ಟು ಬರುತ್ತೇನೆಂದು ಮಹೇಂದ್ರ ಹಟ ಹಿಡಿದ. ಸಿರಿ ಪಿಯುಸಿಗೆ ಸೇರಿದಳು.

ಅವಳ ಓದು ವಿಚಾರಿಸಲು ರಾಧಾಮಣಿ ಶನಿವಾರಗಳಂದು ಬರುತ್ತಿದ್ದಳು. ಟೀ ಮಾಡುವವನು ಮಹೇಂದ್ರನೇ.

"ಸಕ್ಕರೆ?"

"ಒಸಿ ಹಾಕಿ."

"ಓ, ನಮ್ಮೂರ್ ಭಾಷೆ ಬಂದ್ಬುಡ್ತು! ಇನ್ನೇನ್ ಬಾಕಿ ಮೇಡಂ?"

ಅವನ ಕೂದಲಲ್ಲಿ ಸೊಪ್ಪಿನ ಚೂರೊಂದು ಸಿಕ್ಕಿಕೊಂಡಿತ್ತು. ತೆಗೆಯಲು ಅವಳ ಕೈ ಹಾತೊರೆಯಿತು. ಬಿಸಿ ಲೋಟವನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಕಣ್ಣು ಎಲ್ಲಿದೆಯೆಂದು ಅವನು ನೋಡಿದ. ನೋಡಿಯೂ ಚೂರನ್ನು ತೆಗೆದುಹಾಕಲಿಲ್ಲ.

ದೀಪಾವಳಿಯ ಹೊತ್ತಿಗೆ ನಾಗಲಕ್ಷ್ಮಮ್ಮ ಮತ್ತೆ ಮದುವೆಯ ಮಾತು ತೆಗೆದಳು. ತಮ್ಮನಿಗೆ ಸಿಟ್ಟು ಬಂತು. "ನಂಗೆ ಆ ಮೇಡಂನೇ ಇಷ್ಟ ಕಣಕ್ಕ. ಸಿರಿ ತಂಟೆಗ್ ಬರ್ಬ್ಯಾಡ" ಎಂದುಬಿಟ್ಟ.

ಮುಂದಿನ ಶನಿವಾರ ರಾಧಾಮಣಿ ಬಂದಾಗ ನಾಗಲಕ್ಷ್ಮಮ್ಮ ಜಗಲಿ ಬಿಟ್ಟು ಏಳಲಿಲ್ಲ.

"ನನ್ ಮಗ್ಳು ಓದ್ಲಿ ಅಂತ ಬತ್ತಿದ್ರೋ, ನನ್ ತಮ್ಮನ್ನ ಹಾರಿಸ್ಕೊಂಡು ಹೋಗಾಕೆ ಬತ್ತಿದ್ರೋ?"

ಒಳಗೆ ಸಿರಿ ಅಳುತ್ತಿದ್ದಳು. ಅವಳನ್ನು ಕಾಲೇಜು ಬಿಡಿಸಿಯಾಗಿತ್ತು. ಮಾತು ಊರೆಲ್ಲ ಹರಡಿತು. ರಾಧಾಮಣಿ ಕಷ್ಟಪಟ್ಟು ಶಾಲೆಗೆ ಸೇರಿಸಿದ್ದ ಇನ್ನಿಬ್ಬರು ಹುಡುಗಿಯರ ಮನೆಯಲ್ಲೂ ಬಾಗಿಲು ಮುಚ್ಚಿಕೊಂಡಿತು.

ಎರಡು ದಿನ ಯೋಚಿಸಿ ಅವಳು ಮತ್ತೆ ಬಂದಳು. "ನಾನು ಈ ಕಡೆ ಬರೋದೇ ಬಿಟ್ಟರೆ ಸಿರಿನ ಕಳಿಸ್ತೀರಾ?"

ನಾಗಲಕ್ಷ್ಮಮ್ಮ ಒಳಬಾಗಿಲ ಕಡೆ ನೋಡಿದಳು. "ಬರ್ಬ್ಯಾಡಿ. ಕಳಿಸ್ತೀನಿ. ಮದ್ವೆ ಮಾತೂ ಎತ್ತಾಕಿಲ್ಲ, ದೇವ್ರಾಣೆ."

ರಾಧಾಮಣಿ ಸಂಸ್ಥೆಗೆ ಹೇಳಿ ಕನಕಪುರದ ಕಡೆಗೆ ಕೆಲಸ ಕೇಳಿಕೊಂಡಳು. ಈ ಹಳ್ಳಿಗಳಿಗೆ ರಮ್ಯಾ ಎಂಬ ಹೊಸ ಮೆಂಟರ್ ಬಂದಳು. ಸಿರಿ ಕಾಲೇಜಿಗೆ ಹೋಗತೊಡಗಿದಳು.

ಹೊರಡುವ ಬೆಳಿಗ್ಗೆ ಚನ್ನಪಟ್ಟಣದ ಬಸ್ ಸ್ಟ್ಯಾಂಡಿಗೆ ಮಹೇಂದ್ರ ಓಡಿ ಬಂದ. ಅಂಗಿಯ ಗುಂಡಿ ಅದಲುಬದಲಾಗಿತ್ತು.

"ನಾನ್ ಮಾಡಿದ್ ತಪ್ಪಿಗೆ ನೀವ್ಯಾಕ್ ಹೋಗ್ಬೇಕು?"

"ತಪ್ಪಲ್ಲ. ನನಗೂ ನೀವು ಇಷ್ಟ."

ಅವನು ನಿಂತಲ್ಲೇ ನಿಂತ. "ಹಂಗಾದ್ರೆ?"

"ಅದಕ್ಕೇ ಹೋಗ್ತಿದ್ದೀನಿ. ನಾನು ಇಲ್ಲೇ ಇದ್ದರೆ ಆ ಮೂರು ಹುಡುಗಿಯರೂ ಮನೇಲಿ ಕೂರ್ತಾರೆ."

"ಸಿರಿ ಓದು ಮುಗೀಲಿ. ಆಮೇಲೆ..."

"ಬೇಡ, ಹೇಳಬೇಡಿ." ಅವಳು ಬ್ಯಾಗು ಎತ್ತಿಕೊಂಡಳು. "ನೀವು ಬರ್ತೀನಿ ಅಂದರೆ ನಾನು ಕಾಯ್ತಾ ಕೂರ್ತೀನಿ."

ಕಂಡಕ್ಟರ್ ಸೀಟಿ ಊದಿದ. ಅವಳು ಹತ್ತಿ ಕಿಟಕಿಯ ಪಕ್ಕ ಕುಳಿತಳು. ಮಹೇಂದ್ರ ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ನಡೆದ, ಕಿಟಕಿಯ ಸರಳು ಹಿಡಿದ, ಬಿಟ್ಟ.

"ಬತ್ತೀನಿ" ಎಂದ.

ಬೀಳ್ಕೊಳ್ಳುವಾಗ ಎಲ್ಲರೂ ಹೇಳುವುದು ಅದನ್ನೇ. ಅವನು ಯಾವ ಅರ್ಥದಲ್ಲಿ ಹೇಳಿದನೋ ಕೇಳುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು. ಕನಕಪುರದ ಕಡೆಯ ದೊಡ್ಡಆಲಹಳ್ಳಿಯಲ್ಲಿ ಮೊದಲ ಮನೆಯ ಬಾಗಿಲು ತಟ್ಟುವ ಹೊತ್ತಿಗಾಗಲೇ ರಾಧಾಮಣಿ ಕಾಯಲು ಶುರುಮಾಡಿದ್ದಳು.