ಎರಡು ಮನೆಗೆ ಒಂದೇ ತೊಟ್ಟಿ

"ರೀ... ಬೀಳೋದಾದ್ರೆ ಬೇರೆ ಎಲ್ಲಾದ್ರೂ ಬೀಳ್ರೀ! ಅದು ಕುಡಿಯೋ ನೀರು!"

ತೊಟ್ಟಿಯ ಬಾಯೊಳಗೆ ಸೊಂಟದವರೆಗೂ ಬಗ್ಗಿದ್ದ ಪೆರಿನಾ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ, ಕೆಳಗೆಲ್ಲೋ ಗುಳುಂ ಎಂದಿತು.

ಕೆದರಿದ ಕೂದಲು ಸರಿಸಿಕೊಂಡು ಎದ್ದಳು. ಎದುರಿಗೆ ಅಪರಿಚಿತ ಗಂಡಸು. ಬಿಸಿಲಿಗೆ ಕಪ್ಪಾದ ಮುಖ, ನಗು ತಡೆದುಕೊಂಡ ಕಣ್ಣು.

"ಯಾರ್ರೀ ನೀವು? ನನ್ನ ಅಂಗಳದಲ್ಲಿ ಏನ್ ಕೆಲಸ?"

"ಅರ್ಧ ಅಂಗಳ ನಂದು. ನಾನು ಬಾಲ್ದೊ. ಈ ಪಕ್ಕದ ಮನೆ ನಮ್ಮ ದೊಡ್ಡಪ್ಪಂದು, ಈಗ ನಂಗೆ ಬಂದಿದೆ. ನಿನ್ನೆ ಹಡಗಲ್ಲಿ ಬಂದಿಳಿದೆ."

ನಮ್ಮ ದ್ವೀಪದ ಮೇಲಿನ ಕೇರಿಗೆ ಇನ್ನೂ ನಲ್ಲಿ ಬಂದಿಲ್ಲ. ಚಾವಣಿ ಮೇಲೆ ಬಿದ್ದ ಮಳೆಯೇ ನೆಲದಡಿಯ ತೊಟ್ಟಿಗೆ ಇಳಿಯಬೇಕು, ಅದರಲ್ಲೇ ಬೇಸಿಗೆ ಕಳೆಯಬೇಕು. ಈ ಎರಡು ಮನೆಗೆ ಇದ್ದದ್ದು ಒಂದೇ ತೊಟ್ಟಿ.

ಪೆರಿನಾ ದೋಣಿಗಳ ರೇಡಿಯೋ ರಿಪೇರಿ ಮಾಡುತ್ತಿದ್ದಳು. ವಸಂತದಲ್ಲಿ ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಮಾತು ಎಂಬುದೇ ಇರಲಿಲ್ಲ. ಮದುವೆಯಾಗುತ್ತೇನೆ ಎಂದಿದ್ದವನು ಸ್ಪ್ಲಿಟ್ ಪಟ್ಟಣಕ್ಕೆ ಹೋಗಿ ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದ. ಸುಮ್ಮನೆ ಕೂತರೆ ಅಳು ಬರುತ್ತಿತ್ತು... ಅದಕ್ಕೇ ಬೆಸುಗೆ ಕಡ್ಡಿ ಹಿಡಿದು, ಈಗ ತೊಟ್ಟಿಯೊಳಗೆ ಕಟ್ಟುತ್ತಿದ್ದ ಈ ಯಂತ್ರ ಮಾಡಿದ್ದಳು.

"ಅದೇನದು? ಬಾವಲಿ ತರ ನೇತಾಡ್ತಿದೆ?" ಬಾಲ್ದೊ ಇಣುಕಿದ.

"ಬಾವಲಿನೇ ಅನ್ಕೊಳ್ಳಿ. ಶಬ್ದ ಬಿಡುತ್ತೆ, ನೀರಿಗೆ ತಾಗಿ ವಾಪಸ್ ಬಂದಾಗ ನೀರು ಎಷ್ಟು ಕೆಳಗಿದೆ ಅಂತ ಲೆಕ್ಕ ಹಾಕುತ್ತೆ. ಅಡುಗೆಮನೇಲಿರೋ ಸ್ಕ್ರೀನ್ ಪರದೆ ಮೇಲೆ ನೀರಿನ ಮಟ್ಟದ ಗೆರೆ ಬರುತ್ತೆ."

"ಅಬ್ಬಾ! ಇನ್ಮೇಲೆ ಸ್ನಾನ ಮಾಡೋಕೂ ಭಯ ಪಡ್ಬೇಕು!"

ಅವಳು ನಗಲಿಲ್ಲ. ಒಳಗೆ ಹೋದ ಮೇಲೆ ಮಾತ್ರ... ಯಾಕೋ ನಗು ಬಂತು.

ಆ ಬೇಸಿಗೆ ಅವರಿಬ್ಬರೂ ಹೆಚ್ಚು ಮಾತಾಡಲಿಲ್ಲ. ಆದರೆ ಬೆಳಿಗ್ಗೆ ಪರದೆಯ ಗೆರೆ ಒಂದಿಷ್ಟು ಕುಸಿಯುತ್ತಿತ್ತು. ಅಂದರೆ ಅವನು ಕಾಫಿಗೆ ನೀರು ತೆಗೆದುಕೊಂಡ! ಆಗ ಪೆರಿನಾಳೂ ಎದ್ದು ತನ್ನ ಕಾಫಿಗೆ ಇಡುತ್ತಿದ್ದಳು. ಗೋಡೆಯಾಚೆ ಒಬ್ಬ, ಈಚೆ ಒಬ್ಬಳು.

'ಇದನ್ನ ಯಾರಿಗಾದ್ರೂ ಹೇಳಿದ್ರೆ ಹುಚ್ಚಿ ಅಂತಾರೆ' ಎಂದುಕೊಳ್ಳುತ್ತಿದ್ದಳು.

ಸೆಪ್ಟೆಂಬರ್ ಬಂದರೂ ಮಳೆ ಬರಲಿಲ್ಲ. ಗೆರೆ ಮಾತ್ರ ವೇಗವಾಗಿ ಇಳಿಯತೊಡಗಿತು. ಬೆಳಗಾಗೆದ್ದು ನೋಡಿದರೆ, ಅವಳು ಮಲಗಿದ್ದಾಗಲೂ ನೀರು ಹೋಗಿರುತ್ತಿತ್ತು. ಬಾಲ್ದೊನ ಹಿತ್ತಲಲ್ಲಿ ಟೊಮೆಟೊ ಗಿಡಗಳು ಹಸಿರಾಗಿ ನಿಂತಿದ್ದವು.

ಅವಳ ಎದೆ ಉರಿಯಿತು. ಸೀದಾ ಹೋಗಿ ಬಾಗಿಲು ಬಡಿದಳು.

"ರಾತ್ರಿಯೆಲ್ಲಾ ಕದ್ದು ತೋಟಕ್ಕೆ ನೀರು ಬಿಡ್ತಿದೀರಲ್ಲ, ನಾಚಿಕೆ ಆಗಲ್ವಾ?"

ಅವನ ಕೈಯಲ್ಲಿ ಅರ್ಧ ತೊಳೆದ ತಟ್ಟೆಯಿತ್ತು. "ಪಾತ್ರೆ ತೊಳೆದ ನೀರನ್ನ ಹೊತ್ಕೊಂಡು ಹೋಗಿ ಹಾಕ್ತೀನಿ. ಅಷ್ಟೇ."

"ಸುಳ್ಳು! ನನ್ನ ಯಂತ್ರ ಸುಳ್ಳು ಹೇಳಲ್ಲ!"

"ಹೌದು... ಯಂತ್ರ ಸುಳ್ಳು ಹೇಳಲ್ಲ. ನಾನು ಹೇಳ್ತೀನಿ ಅಲ್ವಾ?" ಅವನ ದನಿ ತಗ್ಗಿತು. "ಆಯ್ತು ಬಿಡಿ. ಇನ್ಮುಂದೆ ನಿಮ್ಮ ನೀರು ಮುಟ್ಟಲ್ಲ."

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಧಡಾರನೆ ಬಡಿದಿದ್ದರೆ ಚೆನ್ನಾಗಿತ್ತು ಅನಿಸಿತು ಅವಳಿಗೆ.

ಮರುದಿನದಿಂದ ಅವನು ಬಂದರಿನಿಂದ ಕ್ಯಾನ್‌ಗಳಲ್ಲಿ ನೀರು ಹೊತ್ತು ತಂದ. ಮೇಲಿನ ಕೇರಿಯವರೆಗಿನ ಅಷ್ಟೂ ಮೆಟ್ಟಿಲು ಹತ್ತಿಕೊಂಡು! ಪೆರಿನಾ ಕಿಟಕಿಯ ಹಿಂದೆ ನಿಂತು ನೋಡಿದಳು.

ಬೆಳಗಿನ ಕುಸಿತ ಈಗ ಇರಲಿಲ್ಲ. ಗೆರೆ ನೋಡುತ್ತಾ ಕೂತವಳ ಮುಂದೆ ಕಾಫಿ ತಣ್ಣಗಾಯಿತು. ಅಮ್ಮ ಹೋದಾಗಲೂ ಮನೆ ಇಷ್ಟು ಖಾಲಿ ಅನಿಸಿರಲಿಲ್ಲವಲ್ಲ...

ಆಗಲೇ ಅವಳ ಕಣ್ಣು ಪರದೆಯ ಮೇಲೆ ನಿಂತಿತು.

ಅವನು ಮುಟ್ಟುತ್ತಿಲ್ಲ. ಆದರೂ ರಾತ್ರಿ ಗೆರೆ ಇಳಿಯುತ್ತಲೇ ಇದೆ!

'ಅಯ್ಯೋ... ನಾನೇನು ಮಾಡಿಬಿಟ್ಟೆ?'

ಖಚಿತ ಮಾಡಿಕೊಳ್ಳಲು ಅವಳೂ ತೊಟ್ಟಿ ಮುಟ್ಟುವುದನ್ನು ಬಿಟ್ಟಳು. ಗೆರೆ ಇಳಿಯಿತು, ಇಳಿಯಿತು... ಕೊನೆಗೆ ಒಂದು ಕಡೆ ನಿಂತೇಬಿಟ್ಟಿತು. ತೊಟ್ಟಿಯೊಳಗೆ ಟಾರ್ಚ್ ಬೆಳಕು ಬಿಟ್ಟು ನೋಡಿದಳು. ನಿಂತ ನೀರಿನ ಸ್ವಲ್ಪವೇ ಮೇಲೆ ಗೋಡೆಯಲ್ಲಿ ಉದ್ದನೆಯ ಬಿರುಕು. ಅದರಿಂದ ಗಡ್ಡದಂತೆ ಬೇರು ಜೋತಾಡುತ್ತಿತ್ತು. ಅವಳದೇ ಅಡುಗೆಮನೆ ಪಕ್ಕದ ಅಂಜೂರದ ಮರದ ಬೇರು!

ಓಡಿ ಹೋಗಿ ಬಾಲ್ದೊನ ಬಾಗಿಲು ಬಡಿದಳು. ಬೀಗ.

ಅಂಗಡಿಗೆ ಹೋಗಿ ಕೇಳಿದರೆ, ಅಲ್ಲಿನ ಮಾರೆ ಚಿಕ್ಕಮ್ಮ ತಲೆ ಎತ್ತದೆ ಹೇಳಿದಳು. "ಅವನಾ? ಮಧ್ಯಾಹ್ನದ ಹಡಗಿಗೆ ಹೊರಟಿದ್ದಾನೆ. ಇಡೀ ಜನ್ಮ ಹಡಗಲ್ಲಿ ಅಡುಗೆ ಮಾಡಿ, ಮನೆ ಅಂತ ಒಂದಿರಲಿ ಅಂತ ಬಂದಿದ್ದ ಪಾಪ. ನೀನು ಕಳ್ಳ ಅಂದ್ಯಂತೆ?"

"ಚಿಕ್ಕಮ್ಮಾ... ಅವರು ಹೇಳಿದ್ರಾ?"

"ಅವನೆಲ್ಲಿ ಹೇಳ್ತಾನೆ! ನೀನು ಕೂಗಿದ್ದು ಬಂದರಿಗೇ ಕೇಳಿಸ್ತು. ನಿಂತಿದೀಯಲ್ಲ ಇನ್ನೂ, ಓಡು!"

ಬಾಲ್ದೊ ಬಂದರಿನ ಕಟ್ಟೆ ಮೇಲೆ ಕೂತಿದ್ದ, ಪಕ್ಕದಲ್ಲಿ ಒಂದೇ ಚೀಲ. ಅವಳನ್ನು ನೋಡಿ ಮುಖ ತಿರುಗಿಸಿದ.

"ಕಳ್ಳ ಸಿಕ್ಕಿದ," ಏದುಸಿರು ಬಿಡುತ್ತಾ ಅಂದಳು. "ನನ್ನ ಅಂಜೂರದ ಮರ. ತೊಟ್ಟಿ ಬಿರುಕು ಬಿಟ್ಟಿದೆ... ತಪ್ಪು ನಂದು, ಬಾಲ್ದೊ."

"ಸರಿ. ಗೊತ್ತಾಯ್ತಲ್ಲ."

"ಅಷ್ಟೇ ಅಲ್ಲ!" ಅವಳು ಇನ್ನೊಂದು ಹೆಜ್ಜೆ ಮುಂದೆ ಬಂದಳು. "ನೀವು ಬೆಳಿಗ್ಗೆ ನೀರು ತಗೊಂಡಾಗ ನನ್ನ ಗೆರೆ ಕುಸೀತಿತ್ತು. ಅದನ್ನ ನೋಡಿ ನಾನೂ ಕಾಫಿಗೆ ಇಡ್ತಿದ್ದೆ. ದಿನಾ ನಿಮ್ಮ ಜೊತೆ ಕುಡಿದಿದೀನಿ... ನಿಮಗೆ ಗೊತ್ತಿಲ್ದೆ. ಈಗ ಆ ಕುಸಿತ ಇಲ್ಲ. ನಂಗೆ ಆಗ್ತಿಲ್ಲ..."

ಅವನು ಅವಳ ಕಡೆ ತಿರುಗಿದ.

"ಅಂದ್ರೆ... ನಾನು ಪಾತ್ರೆ ತೊಳೆಯೋದೂ ಗೊತ್ತಾಗ್ತಿತ್ತಾ?"

"ವಾರಕ್ಕೊಂದ್ಸಲ ತೊಳೀತೀರಿ ಅಂತಾನೂ ಗೊತ್ತಾಗ್ತಿತ್ತು."

ಅವನ ತುಟಿ ಕೊಂಕಿತು. "ನಂಗೆ ಬಹಳ ನೋವಾಯ್ತು, ಪೆರಿನಾ."

"ಗೊತ್ತು."

ಅವನು ಚೀಲ ಎತ್ತಿಕೊಂಡ. ಅವನು ಹಡಗಿನ ಕಡೆ ಹೋಗಲಿಲ್ಲ. ಮೆಟ್ಟಿಲ ಕಡೆ ಹೆಜ್ಜೆ ಹಾಕಿದ.

ತೊಟ್ಟಿಯೊಳಗೆ ಏಣಿ ಇಳಿಸಿದರು. ಅವನು ಬೇರು ಕತ್ತರಿಸಿ, ಬಿರುಕು ಕೆರೆದು, ಕರಣೆಯಿಂದ ಗಾರೆ ತುಂಬತೊಡಗಿದ. ಅವಳು ಮೇಲೆ ಮಂಡಿಯೂರಿ ಗಾರೆಯ ಬಕೆಟ್ ಇಳಿಸುತ್ತಿದ್ದಳು.

ಬಂದರಿನಲ್ಲಿ ಹಡಗು ಕೂಗಿತು.

"ಹೊರಡೋ ಹೊತ್ತಾಯ್ತು..." ಅವಳು ಮೆಲ್ಲಗೆ ಅಂದಳು. "ಈಗ ಓಡಿದ್ರೂ ಸಿಗುತ್ತೆ ನಿಮಗೆ."

"ಇನ್ನೊಂದು ಬಕೆಟ್ ಕೊಡು."

ಅವಳ ಕೈ ಹಗ್ಗದ ಮೇಲೆ ನಿಂತಿತು. "ಏನಂದ್ರಿ?"

"ಬಕೆಟ್ ಕೊಡು ಅಂದೆ. ಕಿವಿ ಕೇಳಲ್ವಾ ನಿಂಗೆ?"

ಕಣ್ಣೀರು ತೊಟ್ಟಿಗೆ ಬೀಳದಂತೆ ಅವಳು ತೋಳಿನಿಂದ ಮುಖ ಒರೆಸಿಕೊಂಡಳು.

"ಒಣಗೋಕೆ ಎಷ್ಟು ದಿನ ಬೇಕು?"

"ಒಣಗ್ಲಿ, ಅವಸರ ಏನು."

"ಆಮೇಲೆ?"

"ಆಮೇಲೆ ಮಳೆ ಬರ್ಬೇಕಲ್ಲ." ಕತ್ತಲೊಳಗಿಂದ ಅವನು ಮುಖ ಮೇಲೆತ್ತಿ ನೋಡಿದ. "ನಾನಂತೂ ಕಾಯ್ತೀನಿ. ನೀನು?"

"ಕಾಯ್ತೀನಿ," ಅಂದಳು ಪೆರಿನಾ. "ನಿನ್ ಜೊತೇಲೇ."