ಟಟಲ್ ಮನೆತನದ ಕಾಣೆಯಾದ ವಿಳಾಸ

"ನನ್ನ ತಮ್ಮನೇ ಕದ್ದಿರೋದು. ಮಧ್ಯಾಹ್ನ ವಕೀಲರ ಹತ್ರ ಹೋಗ್ತಿದೀನಿ, ಅಷ್ಟರಲ್ಲಿ ಸಾಕ್ಷಿ ಹುಡುಕಿ ಕೊಡಿ!" ಒಳಗೆ ಕಾಲಿಡುತ್ತಲೇ ಸಿಡಿದಳು ರೊಕ್ಸಾನಾ ಟಟಲ್.

ವರ್ಮಾಂಟ್‌ನ ನಮ್ಮ ಊರಿನಲ್ಲಿ ಏನು ಕಳೆದರೂ ಜನ ಮೊದಲು ಬರುವುದು ಒಡೆಟ್ ಪ್ಯಾಕಿನ್ ಅವರ ಅಡುಗೆಮನೆಗೆ. ಅವರಿಗೆ ಮೊಣಕಾಲು ನೋವು. ಗಾಡಿ ಓಡಿಸುವುದು, ಬಾಯಿ ಮುಚ್ಚಿಕೊಂಡಿರುವುದು ನನ್ನ ಕೆಲಸ. ಎರಡನೆಯದು ನನಗಿನ್ನೂ ಒಗ್ಗಿಲ್ಲ.

ಕಳೆದದ್ದು ಟಟಲ್ ಮನೆತನದ ವೆಬ್‌ಸೈಟ್. ಅದು ಮೇಪಲ್ ಮರದ ಸಿಹಿ ರಸ ಇಳಿಯುವ ಕಾಲ, ಅದನ್ನು ಕುದಿಸಿ ಮಾಡಿದ ವರ್ಷದ ಪಾಕವೆಲ್ಲ ಬಿಕರಿಯಾಗುತ್ತಿದ್ದುದು ಆ ಸೈಟಿನಿಂದಲೇ. ಬೆಳಿಗ್ಗೆಯಿಂದ ಸೈಟೂ ಇಲ್ಲ, ಅಂಗಡಿಯ ಇಮೇಲೂ ಇಲ್ಲ.

"ಆಲ್ಡನ್ ಮೇಲೆ ಯಾಕೆ ಅನುಮಾನ?" ಒಡೆಟ್ ಕೇಳಿದರು.

"ಗಂಡುಮಗ ಅಂತ ಅಪ್ಪ ಆ ಸೈಟಿನ ವಿಳಾಸಾನ ಅವನಿಗೇ ಬಿಟ್ಟುಹೋದ್ರು. ದುಡಿಯೋಳು ನಾನು, ಹೆಸರು ಅವನದು! ಹೋದ ತಿಂಗಳು ಅದರ ಖಾತೆ ತೆಗೆದು ಏನೋ ಮಾಡ್ತಿದ್ದ, ನನ್ನ ನೋಡಿ ಮುಚ್ಚಿಬಿಟ್ಟ. ಕೇಳಿದ್ರೆ 'ಪಾಕದ ಕೆಲಸ ಮುಗೀಲಿ, ಹೇಳ್ತೀನಿ' ಅಂತಾನೆ."

"ನೀನೇ ಯಾವುದೋ ಮೋಸದ ಇಮೇಲ್‌ನ ಲಿಂಕ್ ಒತ್ತಿರ್ಬೇಕು," ಎಂದೆ ನಾನು.

"ನಾನಾ? ಚರ್ಚಿನ ಹಣ ಹಾಗೆ ಹೋದ್ಮೇಲೆ ಈ ಊರಲ್ಲಿ ಯಾರೂ ಏನೂ ಒತ್ತಲ್ಲ. 'ಒತ್ತಿ, ಇಲ್ಲಾಂದ್ರೆ ನಿಲ್ಲಿಸ್ತೀವಿ' ಅಂತ ಹೆದರಿಸಿದ್ರೆ ಪೂರ್ತಿ ಓದೋದೇ ಇಲ್ಲ, ಅಳಿಸಿ ಹಾಕ್ತೀನಿ."

ಒಡೆಟ್ ಆ ವಿಳಾಸವನ್ನು ತಾವೇ ತೆರೆದು ನೋಡಿದರು, ಖಾಲಿ. ವರ್ಷದ ಶುಲ್ಕ ಕಟ್ಟಿದ ರಸೀದಿಯನ್ನು ರೊಕ್ಸಾನಾ ತೋರಿಸಿದಳು. ಆಮೇಲೆ ಒಡೆಟ್ ಆ ವಿಳಾಸ ಕೊಟ್ಟ ಕಂಪನಿಯ ಕರಾರನ್ನು ಭೂತಗನ್ನಡಿ ಹಿಡಿದು ಓದತೊಡಗಿದರು. ನನಗೆ ಆಕಳಿಕೆ ಬಂತು.

"ಇದನ್ನ ಯಾರಾದ್ರೂ ಓದ್ತಾರಾ?"

"ಬರೆದವರೂ ಓದಿರಲ್ಲ. ನಡಿ, ಗಾಡಿ ತೆಗಿ."

ಪಾಕದ ಮನೆಯಲ್ಲಿ ಆಲ್ಡನ್ ಕುದಿಯುವ ರಸದ ನೊರೆ ತೆಗೆಯುತ್ತಿದ್ದ. ಪಾಕದ ಜೊತೆ ತಿನ್ನಲು ಇಟ್ಟಿದ್ದ ಡೋನಟ್ಟು, ಹುಳಿ ಸೌತೆಯ ತಟ್ಟೆಯನ್ನು ಯಾರೂ ಮುಟ್ಟಿರಲಿಲ್ಲ. ಅಕ್ಕತಮ್ಮ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಕದ್ದಿದ್ರೆ ಆ ವಿಳಾಸದಲ್ಲಿ ಬೇರೆಯವರ ಅಂಗಡಿ ಕಾಣ್ಬೇಕಿತ್ತು, ಕಾಣಲಿಲ್ಲ," ಎಂದರು ಒಡೆಟ್. "ಶುಲ್ಕ ಬಾಕಿಯಿಲ್ಲ. ಸೈಟು, ಇಮೇಲು ಎರಡೂ ಒಟ್ಟಿಗೇ ನಿಂತಿವೆ. ಅಂದ್ರೆ ಕಂಪನಿಯೇ ವಿಳಾಸವನ್ನ ತಡೆಹಿಡಿದಿರ್ಬೇಕು. ಯಾಕೆ? ಕರಾರಿನ ಸಣ್ಣಕ್ಷರದಲ್ಲಿ ಒಂದು ಮಾತಿದೆ. ಒಡೆತನ ಬದಲಾದ್ರೆ ಹೊಸ ಒಡೆಯರಿಗೆ ಇಮೇಲ್ ಹೋಗುತ್ತೆ. ಎರಡು ವಾರದಲ್ಲಿ ಅವರು ಹೌದು ಅಂತ ಒತ್ತದಿದ್ರೆ ತಡೆ. ಆಲ್ಡನ್, ಹೊಸ ಒಡೆಯರು ಯಾರಪ್ಪ?"

ಅವನು ನೊರೆಯ ಸೌಟನ್ನು ಕೆಳಗಿಟ್ಟ.

"ಅಕ್ಕನೇ. ಅಪ್ಪ ಮಾಡಿದ್ದು ಸರಿಯಿರಲಿಲ್ಲ. ಕೊನೇ ಪಾಕ ಇಳಿಸಿದ ದಿನ ಹೇಳೋಣ ಅಂತಿದ್ದೆ. ಕಳ್ಳ ಅಂದ್ಮೇಲೆ ಹೇಳೋಕೆ ಮನಸ್ಸೇ ಬರಲಿಲ್ಲ."

"ಆ ಇಮೇಲ್‌ನ ಅಳಿಸಿದವಳು ನೀನೇ, ರೊಕ್ಸಾನಾ. ದಾರಿಯಲ್ಲೇ ಕಂಪನಿಗೆ ಫೋನ್ ಮಾಡಿ ಇನ್ನೊಂದು ಕಳಿಸೋಕೆ ಹೇಳಿದೀನಿ, ನಿನ್ನ ಸ್ವಂತ ಇಮೇಲ್‌ನಲ್ಲಿ ನೋಡು," ಎಂದರು ಒಡೆಟ್.

ರೊಕ್ಸಾನಾ ಫೋನು ತೆಗೆದಳು. ಇಮೇಲ್ ತೆರೆದು ತಮ್ಮನ ಕಡೆ ತಿರುಗಿದಳು. "ಒತ್ತಲೇನೋ?"

"ಒತ್ತಕ್ಕ."

ಒತ್ತಿದಳು. ಸೈಟು ಬರಲು ಸಂಜೆಯಾದೀತೆಂದರು ಒಡೆಟ್. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಕಳ್ಳ ಅಂದೆನಲ್ಲೋ ನಿನ್ನ. ಊರಿಗೆಲ್ಲಾ ಸಾರ್ಕೊಂಡು ಬಂದೆ."

"ಹಂಗಾದ್ರೆ ಊರಿಗೆಲ್ಲಾ ತಿರುಗಿ ಹೇಳ್ಬಾ," ಎಂದ ಆಲ್ಡನ್, ಅರ್ಧ ತಮಾಷೆಗೆ.

ಅವಳು ನಿಜಕ್ಕೂ ಹೊರಟೇಬಿಟ್ಟಳು. ವಕೀಲರ ಕಚೇರಿಯನ್ನು ದಾಟಿ ಮನೆಮನೆಯ ಮುಂದೂ ಗಾಡಿ ನಿಲ್ಲಿಸಿದೆ. ಒಂದೊಂದು ಬಾಗಿಲಲ್ಲೂ ಕೆಸರು ಬೂಟಿನಲ್ಲೇ ನಿಂತು, ಕಣ್ಣೊರೆಸಿಕೊಳ್ಳದೆ ಹೇಳಿದಳು: "ನನ್ನ ತಮ್ಮ ಕದ್ದಿಲ್ಲ. ಅವನು ಕೊಟ್ಟಿದ್ದ. ಬೇಡ ಅಂತ ಎಸೆದವಳು ನಾನು."