ಮನೆಯಲ್ಲೇ ನಿಂತ ಚುಕ್ಕೆ

ಸಂಜೆ ಐದರ ಸುಮಾರಿಗೆ ಠಾಣೆಗೆ ಓಡಿಬಂದ ದರ್ಜಿಯ ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಏದುಸಿರು ಬಿಡುತ್ತ ಫೋನನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲಿಟ್ಟ.

"ಅಮ್ಮ ಕಾಣ್ತಿಲ್ಲ ಸಾರ್. ಇದ್ರಲ್ಲಿ ನೋಡಿದ್ರೆ ಮನೇಲೇ ಇದ್ದಾರೆ."

ಪರದೆಯ ನಕ್ಷೆಯಲ್ಲಿ ಹಸಿರು ಚುಕ್ಕೆಯೊಂದು ಅವನ ಮನೆಯ ಮೇಲೆ ಗೂಟ ಹೊಡೆದ ಹಾಗೆ ನಿಂತಿತ್ತು. ತಾಯಿಗೆ ಮರೆವಿನ ಕಾಯಿಲೆ. ಮನೆಯವರು ಎಲ್ಲಿದ್ದಾರೆಂದು ತೋರಿಸುವ ಆ್ಯಪ್ ಹಾಕಿಸಿ, ಸಣ್ಣದೊಂದು ಫೋನನ್ನು ಮಗ ಆಕೆಯ ಕೊರಳಿಗೆ ಕಟ್ಟಿದ್ದ. ಆಕೆ ಹೊಸಿಲು ದಾಟಿದರೆ ಚುಕ್ಕೆ ಸರಿಯುತ್ತಿತ್ತು, ಇವನು ಹೊಲಿಗೆ ಬಿಟ್ಟು ಓಡುತ್ತಿದ್ದ. ಇವತ್ತು ಚುಕ್ಕೆ ಅಲುಗಲಿಲ್ಲ. ಪಾಪ, ಅದನ್ನೇ ನಂಬಿ ಕುಳಿತಿದ್ದ; ಮನೆಗೆ ಹೋಗಿ ನೋಡಿದರೆ ಅಮ್ಮನೂ ಇಲ್ಲ, ಫೋನೂ ಇಲ್ಲ.

"ಕೊನೇ ಸಲ ಯಾರು ನೋಡಿದ್ದು?"

"ಪಕ್ಕದ್ಮನೆಯವ್ರು. ಮೂರು ಗಂಟೆಗೆ. ಅಮ್ಮ ಕಾಲುವೆ ಕಡೆ ಹೋಗ್ತಿದ್ರಂತೆ."

"ತಡೀಲಿಲ್ವಾ?"

"ನನ್ನಂಗಡಿಗೆ ಬರ್ತಿದ್ದಾರೆ ಅನ್ಕೊಂಡ್ರಂತೆ."

ರೈಟರ್ ಎಫ್‌ಐಆರ್ ದಾಖಲಿಸಿದರು. ಸಬ್ ಇನ್‌ಸ್ಪೆಕ್ಟರ್ ಪೇದೆಗಳೊಂದಿಗೆ ಕಾಲುವೆಗೆ ಹೊರಟರು. ಕಾಲುವೆಯೆಂದರೆ ಒಂದು ಮಾರು ಎರಡು ಮಾರೇ? ಊರನ್ನೇ ಸುತ್ತಿಕೊಂಡು ಹೋಗಿತ್ತು. ಅಂಚಿಗೆ ತಡೆಗೋಡೆ ಕೂಡ ಇರಲಿಲ್ಲ. ಕತ್ತಲಾಯಿತೆಂದರೆ ಹುಡುಕುವುದೂ ಒಂದೇ, ಬಿಡುವುದೂ ಒಂದೇ. ಇನ್‌ಸ್ಪೆಕ್ಟರ್ ದರ್ಜಿಯನ್ನೂ, ಎಲ್ಲರೂ ದಫೇದಾರಮ್ಮ ಎಂದೇ ಕರೆಯುವ ಹೆಡ್ ಕಾನ್‌ಸ್ಟೆಬಲನ್ನೂ ಜೀಪಿಗೆ ಹತ್ತಿಸಿಕೊಂಡು ಆ್ಯಪ್ ಕಂಪನಿಯ ಕಚೇರಿಗೆ ಹೋದರು.

"ನಮ್ ಕಡೆಯಿಂದ ಏನೂ ತಪ್ಪಾಗಿಲ್ಲ ಸಾರ್," ಎಂದರು ಮ್ಯಾನೇಜರ್, ಯಾರೂ ಏನೂ ಕೇಳುವ ಮೊದಲೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. "ತಿಂಗಳಿಂದ ಹೊಸ ವರ್ಶನ್ನೇ ಬಿಟ್ಟಿಲ್ಲ."

"ಹೊಸದು ಬಿಡದೇನೇ, ಜನರ ಫೋನಲ್ಲಿರೋದನ್ನ ಇಲ್ಲಿ ಕೂತು ಬದಲಾಯಿಸೋಕಾಗತ್ತಾ?" ದಫೇದಾರಮ್ಮ ಕೇಳಿದರು.

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. ಆಗುತ್ತಿತ್ತು. ಆ್ಯಪ್‌ನ ಒಂದೊಂದು ಸೌಲಭ್ಯಕ್ಕೂ ಒಂದೊಂದು ಸ್ವಿಚ್ಚು, ಅವರ ಬಾಯಲ್ಲಿ ಅದು ಫ್ಲ್ಯಾಗ್. ಇಲ್ಲಿ ಒಂದು ಗುಂಡಿ ಒತ್ತಿದರೆ ಊರಿನ ಫೋನುಗಳಲ್ಲೆಲ್ಲ ಆ ಸೌಲಭ್ಯ ಆ ಕ್ಷಣವೇ ನಿಲ್ಲುತ್ತದೆ. ಫೋನಿಟ್ಟುಕೊಂಡವರಿಗೆ ಸುಳಿವೂ ಸಿಗುವುದಿಲ್ಲ.

"ಇವತ್ತು ಯಾರು ಒತ್ತಿದ್ದು?"

ಕಿಟಕಿ ಪಕ್ಕದಲ್ಲಿದ್ದ ಗಡ್ಡದ ಯುವಕನೊಬ್ಬ ಎದ್ದು ನಿಂತ. ಆ ಹೊತ್ತಿನ ಪಾಳಿ ಅವನದು.

"ನಾನು ಸಾರ್. ಎರಡೂವರೆಗೆ. ಲೈವ್ ಲೊಕೇಶನ್ ಫ್ಲ್ಯಾಗ್ ಆಫ್ ಮಾಡ್ದೆ. ಆಫ್ ಆದ್ರೆ ಕೊನೇಲಿದ್ದ ಜಾಗಾನೇ ತೋರಿಸ್ತಿರತ್ತೆ."

"ಯಾಕೆ?"

"ಅಕ್ಕನಿಗೋಸ್ಕರ. ಭಾವ ಅವಳ ಫೋನಲ್ಲಿ ಇದನ್ನೇ ಹಾಕಿದ್ದಾನೆ. ಹೊರಗೆ ಕಾಲಿಟ್ರೆ ಬಂದು ಬಡೀತಾನೆ. ಇವತ್ತು ಮಗು ಕರ್ಕೊಂಡು ಅವನನ್ನ ಬಿಟ್ಟು ಹೊರಟಿದ್ದಾಳೆ. ಬಸ್‌ಸ್ಟ್ಯಾಂಡಲ್ಲಿ ಕೂತಿದ್ದಾಳೆ, ಆರೂವರೆಗೆ ಬಸ್ಸು."

"ಫೋನ್ ಮನೇಲಿ ಬಿಟ್ಟು ಹೋಗೋದಲ್ವಾ?"

"ಅರ್ಧ ಗಂಟೆಗೊಂದ್ಸಲ ಫೋನ್ ಮಾಡ್ತಾನೆ. ಎತ್ತದಿದ್ರೆ ಮನೆಗೇ ಬರ್ತಾನೆ."

"ಅವಳೊಬ್ಬಳದು ಆಫ್ ಮಾಡೋದು ಬಿಟ್ಟು ಊರಿಗೂರೇ ಯಾಕಪ್ಪಾ ಮಾಡ್ದೆ?"

"ಒಬ್ಬರದು ಮುಟ್ಟಬೇಕಂದ್ರೆ ಹೆಡ್ ಆಫೀಸ್ ಒಪ್ಪಿಗೆ ಬೇಕು, ಎರಡು ದಿನ ಕಾಯ್ಬೇಕು. ಊರಿಗೆಲ್ಲ ಮಾಡೋಕೆ ಪಾಳೀಲಿರೋನು ಒಬ್ಬ ಸಾಕು."

ಹೌದೆಂದು ಮ್ಯಾನೇಜರ್ ತಲೆಯಾಡಿಸಿದರು. ಏನಾದರೂ ಕೆಟ್ಟರೆ ತಕ್ಷಣ ನಿಲ್ಲಿಸಲೆಂದು ಮಾಡಿಕೊಂಡ ಏರ್ಪಾಡಂತೆ. ಯಾವ ಪುಣ್ಯಾತ್ಮನ ಬುದ್ಧಿಯೋ.

"ಈಗ್ಲೇ ಆನ್ ಮಾಡು."

"ಮಾಡಿದ್ರೆ ಅಕ್ಕನೂ ಕಾಣ್ತಾಳೆ ಸಾರ್. ಭಾವನ ಗ್ಯಾರೇಜ್ ಬಸ್‌ಸ್ಟ್ಯಾಂಡ್ ಹಿಂದೇನೇ ಇರೋದು. ಅರ್ಧ ಗಂಟೆ ಕೊಡಿ. ನಿಮ್ ಕಾಲಿಗೆ ಬೀಳ್ತೀನಿ."

ಇನ್‌ಸ್ಪೆಕ್ಟರ್ ಜೀಪಿನ ಕೀಲಿಯನ್ನು ದಫೇದಾರಮ್ಮನ ಕೈಗಿಟ್ಟರು. ಆಕೆ ಮೆಟ್ಟಿಲು ಇಳಿದು ಓಡಿದರು. ಬಸ್‌ಸ್ಟ್ಯಾಂಡ್ ಊರಿನ ಆ ತುದಿಯಲ್ಲಿತ್ತು. ಆಕೆ ತಲುಪುವವರೆಗೆ ಕಾಯೋಣವೆಂದು ಇನ್‌ಸ್ಪೆಕ್ಟರ್ ಬಾಯಿ ತೆರೆಯುವಷ್ಟರಲ್ಲಿ ವೈರ್‌ಲೆಸ್ ಗೊರಗುಟ್ಟಿತು. ಕಾಲುವೆ ಮೆಟ್ಟಿಲ ಮೇಲೆ ಹೆಂಗಸರ ಚಪ್ಪಲಿ ಸಿಕ್ಕಿದೆ, ಒಂದೇ ಒಂದು. ಅತ್ತ ದರಿ, ಇತ್ತ ಪುಲಿ.

ದರ್ಜಿ ಯುವಕನ ಎದುರು ಹೋಗಿ ನಿಂತ. ಜೋರು ಮಾಡಲಿಲ್ಲ.

"ನಿಮ್ಮಕ್ಕನಿಗೆ ಎಲ್ಲಿಗೆ ಹೋಗ್ಬೇಕು ಅನ್ನೋದಾದ್ರೂ ಗೊತ್ತಪ್ಪ. ನಮ್ಮಮ್ಮನಿಗೆ ತನ್ನ ಹೆಸರೇ ಗೊತ್ತಿಲ್ಲ."

ಯುವಕ ಅಕ್ಕನಿಗೆ ಫೋನ್ ಮಾಡಿದ. ಎಂಗೇಜ್. ಇನ್ನೊಮ್ಮೆ ಮಾಡಿದ. ಎಂಗೇಜ್. ಗಂಡನ ಅರ್ಧ ಗಂಟೆಯ ಕರೆ ಅದೇ ಹೊತ್ತಿಗೆ ಬರಬೇಕಿತ್ತೇ? ಯುವಕ ಕುರ್ಚಿಯಲ್ಲಿ ಕುಳಿತ. ಅಳುತ್ತಲೇ ಗುಂಡಿ ಒತ್ತಿದ. ದರ್ಜಿಯ ಫೋನಿನಲ್ಲಿ ಹಸಿರು ಚುಕ್ಕೆ ಮನೆ ಬಿಟ್ಟು ಕಾಲುವೆಯ ಪಂಪ್‌ಹೌಸಿನ ಹಿಂದೆ ಹೋಗಿ ನಿಂತಿತು.

ಮುದುಕಿ ಅಲ್ಲೇ ಇದ್ದಳು. ಮೊಣಕಾಲುದ್ದ ಕೆಸರಿನಲ್ಲಿ ಹೂತು, ಕೈಗೆ ಸಿಕ್ಕ ಮರದ ಬೇರೊಂದನ್ನು ಬಿಗಿಯಾಗಿ ಹಿಡಿದಿದ್ದಳು. ಮೇಲೆತ್ತಿದ ಪೇದೆಯನ್ನು, "ಊಟ ಆಯ್ತೇನಪ್ಪಾ?" ಎಂದು ಕೇಳಿದಳಂತೆ. ವೈರ್‌ಲೆಸ್‌ನಲ್ಲಿ ಅದನ್ನು ಕೇಳಿ ದರ್ಜಿ ಮಗುವಿನ ಹಾಗೆ ಅತ್ತ.

ದಫೇದಾರಮ್ಮ ಬಸ್‌ಸ್ಟ್ಯಾಂಡ್ ತಲುಪುವಷ್ಟರಲ್ಲಿ ತಡವಾಗಿತ್ತು. ಅಕ್ಕ ನೆಲದ ಮೇಲಿದ್ದಳು, ಬಲಗೈ ಮುರಿದಿತ್ತು. ಮಗು ಬೆಂಚಿನ ಕೆಳಗೆ ಅವಿತಿತ್ತು. ಸುತ್ತ ನಿಂತಿದ್ದ ಜನ ಗಂಡ ಹೆಂಡತಿಯ ವಿಚಾರ ನಮಗೇಕೆಂದು ನೋಡುತ್ತಿದ್ದರು. ದಫೇದಾರಮ್ಮ ಆ ಗಂಡನ ಕೊರಳಪಟ್ಟಿ ಹಿಡಿದು ಜೀಪಿಗೆ ದಬ್ಬಿದರು. ಆರೂವರೆಯ ಬಸ್ಸು ಹೊತ್ತಿಗೆ ಸರಿಯಾಗಿ ಹೊರಟುಹೋಯಿತು.

ಪಂಚರ ಸಮ್ಮುಖದಲ್ಲಿ ಕಂಪ್ಯೂಟರನ್ನು ಜಪ್ತಿ ಮಾಡಿ ಪಂಚನಾಮೆ ಬರೆದು ಮುಗಿಸುವ ಹೊತ್ತಿಗೆ ಏಳು ದಾಟಿತ್ತು. ಯುವಕನನ್ನು ದಸ್ತಗಿರಿ ಮಾಡಿ ಠಾಣೆಗೆ ತಂದರು.

"ಅಕ್ಕ ಬಸ್ ಹತ್ತಿದ್ಲಾ ಸಾರ್?"

"ಇಲ್ಲ. ಆಸ್ಪತ್ರೇಲಿದ್ದಾಳೆ. ಪ್ರಾಣಕ್ಕೇನೂ ಭಯ ಇಲ್ಲ. ಮಗು ದಫೇದಾರಮ್ಮನ ಹತ್ರ ಇದೆ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹೇಳಿಕೆ ಬರೆದುಕೊಳ್ಳಲು ರೈಟರ್ ಪಕ್ಕದಲ್ಲಿ ಕುಳಿತರು.

"ಓದಿದೋನು ನೀನು," ಎಂದರು ಇನ್‌ಸ್ಪೆಕ್ಟರ್. "ಇಷ್ಟೆಲ್ಲ ಮಾಡೋ ಬದ್ಲು ಪೊಲೀಸರ ಹತ್ರ ಬರ್ಬೇಕಿತ್ತಲ್ವಾ?"

"ಬಂದಿದ್ದೆ ಸಾರ್. ಎರಡು ಸಲ. ಇದೇ ಮೇಜಿನ ಮುಂದೆ ನಿಂತಿದ್ದೆ, ಅಕ್ಕನೂ ಜೊತೇಲಿದ್ಲು. ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ, ಹೋಗಮ್ಮ ಮನೆಗೆ, ಅಂತ ಕಳಿಸಿದ್ರಿ."

ರೈಟರ್ ಪೆನ್ನು ನಿಲ್ಲಿಸಿ ಇನ್‌ಸ್ಪೆಕ್ಟರ್ ಮುಖ ನೋಡಿದರು.

"ಬರೀರಿ," ಎಂದರು ಇನ್‌ಸ್ಪೆಕ್ಟರ್. "ಅವನು ಹೇಳಿದ ಹಾಗೇ ಬರೀರಿ."